ಶಾಸಕರ ಚುನಾವಣೆಗೆ ಹಣ ಕೊಟ್ಟವರು ಯಾರು: ಪತ್ತೆಹಚ್ಚುವ ಮತ್ತು ಕಡಿವಾಣ ಕೇಳುವ ಕ್ರಮ

ಸರ್ಕಾರದಿಂದ ಗುತ್ತಿಗೆ, ಪರವಾನಗಿ ಅಥವಾ ನೀತಿಯ ಬದಲಾವಣೆ ಬಯಸುವವರೇ ಅದನ್ನು ತೀರ್ಮಾನಿಸುವ ಶಾಸಕರ ಚುನಾವಣೆಗೂ ಹಣ ಒದಗಿಸುವುದನ್ನು ತಡೆಯಬೇಕೆಂದು ಹೊರಡುವವರು ಮೊದಲು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಲಾಬಿ ನಡೆಸುವವರು, ಅಂದರೆ ತಮ್ಮ ಪರವಾದ ತೀರ್ಮಾನಕ್ಕಾಗಿ ಅಧಿಕಾರದಲ್ಲಿರುವವರ ಮೇಲೆ ಪ್ರಭಾವ ಬೀರುವವರು, ಯಾರು ಎಂದು ಹೇಳುವ ಕಾನೂನಾಗಲಿ, ಅವರು ಹೆಸರು ನೋಂದಾಯಿಸಬೇಕಾದ ದಾಖಲೆ ಪುಸ್ತಕವಾಗಲಿ ನಮ್ಮ ದೇಶದಲ್ಲಿ ಇಲ್ಲ. ಎಲೆಚುಕ್ಕಿ ರೋಗಕ್ಕೆ ಪರಿಹಾರ ಕೇಳಲು ಶಾಸಕರ ಮನೆಗೆ ಹೋಗುವ ತೀರ್ಥಹಳ್ಳಿಯ ಅಡಿಕೆ ಬೆಳೆಗಾರರೂ, ಕಲ್ಲು ಕ್ವಾರಿಯ ಪರವಾನಗಿ ನವೀಕರಣಕ್ಕೆ ಹೋಗುವ ಗುತ್ತಿಗೆದಾರರೂ ಕಾನೂನಿನ ಕಣ್ಣಿಗೆ ಒಂದೇ. ಮನವಿ ಸಲ್ಲಿಸುವುದು ಇಬ್ಬರ ಹಕ್ಕೂ ಹೌದು. ಅದನ್ನು ತಡೆಯಲು ಹೊರಡುವುದು ತಪ್ಪು. ಮನವಿ ಕೊಟ್ಟ ಕೈಯೇ ಹಣವನ್ನೂ ಕೊಟ್ಟಾಗ ಮಾತ್ರ ಪ್ರಶ್ನೆ ಏಳುತ್ತದೆ. ಆದ್ದರಿಂದ ಈಗ ಇರುವ ದಾಖಲೆಗಳಿಂದ ಆ ನಂಟನ್ನು ಗುರುತಿಸಿ, ಬಳಿಕವೇ ನಿರ್ಬಂಧ ಕೇಳುವುದು ಸರಿಯಾದ ದಾರಿ.

ಶಿವಮೊಗ್ಗ ಜಿಲ್ಲೆಯಲ್ಲಿ ಶಿವಮೊಗ್ಗ, ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ ಮತ್ತು ಸಾಗರ ಎಂಬ ಏಳು ವಿಧಾನಸಭಾ ಕ್ಷೇತ್ರಗಳಿವೆ. ನಿಮ್ಮ ಕ್ಷೇತ್ರವೊಂದನ್ನೇ ಆರಿಸಿಕೊಳ್ಳಿ. ಏಳನ್ನೂ ಒಟ್ಟಿಗೆ ಹಿಡಿದರೆ ಕಾಗದದ ರಾಶಿ ಬೆಳೆಯುತ್ತದೆಯೇ ಹೊರತು ಕೆಲಸ ಸಾಗುವುದಿಲ್ಲ. ಮೊದಲು ನೋಡಬೇಕಾದದ್ದು ಅಭ್ಯರ್ಥಿಯು ನಾಮಪತ್ರದೊಂದಿಗೆ ಸಲ್ಲಿಸಿದ ನಮೂನೆ 26ರ ಪ್ರಮಾಣಪತ್ರ. ಚುನಾವಣಾ ಆಯೋಗದ ಜಾಲತಾಣದಲ್ಲಿ ಇದು ಉಚಿತವಾಗಿ ಸಿಗುತ್ತದೆ. ಆಸ್ತಿ ಮತ್ತು ಸಾಲದ ವಿವರವನ್ನು ಎಲ್ಲರೂ ಓದುತ್ತಾರೆ, ಆದರೆ ನಿಮಗೆ ಬೇಕಾದದ್ದು ಬೇರೆ ಭಾಗ. 2018ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ಅಭ್ಯರ್ಥಿ ಮತ್ತು ಅವರ ಕುಟುಂಬದ ಆದಾಯದ ಮೂಲಗಳನ್ನೂ, ಸರ್ಕಾರದೊಂದಿಗೆ ಇರುವ ಗುತ್ತಿಗೆಗಳನ್ನೂ ಇದರಲ್ಲಿ ತಿಳಿಸಬೇಕಾಗಿದೆ. ಅಲ್ಲಿ ಕಾಣುವ ಸಂಸ್ಥೆ ಮತ್ತು ಪಾಲುದಾರಿಕೆಗಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಹೆಚ್ಚು ಬೆಲೆಬಾಳುವ ದಾಖಲೆ ಚುನಾವಣಾ ವೆಚ್ಚದ ಲೆಕ್ಕ. ಆಶ್ಚರ್ಯವೆಂದರೆ ಇದನ್ನು ಕೇಳುವವರೇ ಕಡಿಮೆ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 78ನೆಯ ಕಲಮಿನ ಪ್ರಕಾರ ಸ್ಪರ್ಧಿಸಿದ ಪ್ರತಿಯೊಬ್ಬರೂ ಫಲಿತಾಂಶದ ನಂತರ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಲೆಕ್ಕ ಸಲ್ಲಿಸಬೇಕು. 2023ರ ವಿಧಾನಸಭಾ ಚುನಾವಣೆಯ ಫಲಿತಾಂಶ ಮೇ 13ರಂದು ಬಂದಿತ್ತು. ಸಕಾರಣವಿಲ್ಲದೆ ಲೆಕ್ಕ ಕೊಡದವರನ್ನು ಆಯೋಗವು ಮೂರು ವರ್ಷ ಅನರ್ಹಗೊಳಿಸಬಹುದು. ಚುನಾವಣಾ ನಿಯಮಗಳ 88ನೆಯ ನಿಯಮದಂತೆ ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ಈ ಲೆಕ್ಕವನ್ನು ಪರಿಶೀಲಿಸಬಹುದು, ನಿಗದಿತ ಶುಲ್ಕ ಕೊಟ್ಟು ದೃಢೀಕೃತ ನಕಲನ್ನೂ ಪಡೆಯಬಹುದು. ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಯಲ್ಲಿ ಲಿಖಿತ ಅರ್ಜಿ ಕೊಟ್ಟು, ನಿಯಮದ ಸಂಖ್ಯೆಯನ್ನು ಅರ್ಜಿಯಲ್ಲೇ ನಮೂದಿಸಿ, ಸ್ವೀಕೃತಿ ಪಡೆಯಿರಿ. ಸಂಖ್ಯೆ ಇಲ್ಲದ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುವುದೇ ಹೆಚ್ಚು. ಲೆಕ್ಕ ಕೈಗೆ ಬಂದಾಗ ಖರ್ಚಿನ ಪಟ್ಟಿಗಿಂತ ಮೊದಲು ಹಣದ ಮೂಲವನ್ನು ನೋಡಿ: ಸ್ವಂತ ಹಣ ಎಷ್ಟು, ಪಕ್ಷ ಕೊಟ್ಟದ್ದು ಎಷ್ಟು, ವ್ಯಕ್ತಿ ಮತ್ತು ಸಂಸ್ಥೆಗಳಿಂದ ದೇಣಿಗೆ ಅಥವಾ ಸಾಲವಾಗಿ ಬಂದದ್ದು ಎಷ್ಟು ಎಂಬುದು ಬೇರೆ ಬೇರೆಯಾಗಿ ದಾಖಲಾಗಿರುತ್ತದೆ. ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ. ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ, ಮತ್ತು ಪ್ರಾಮಾಣಿಕವಾಗಿ ಹೇಳುವುದಾದರೆ ದೊಡ್ಡ ಹಣ ಹರಿಯುವುದು ಆ ಕಾಲುವೆಯಲ್ಲೇ.

ಹಾಗಾಗಿ ಪಕ್ಷಗಳ ದೇಣಿಗೆ ವರದಿಯನ್ನೂ ತೆರೆಯಬೇಕು. ಒಂದು ಆರ್ಥಿಕ ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ವಿವರವನ್ನು ಪಕ್ಷಗಳು ಆಯೋಗಕ್ಕೆ ಸಲ್ಲಿಸುತ್ತವೆ. ದೇಣಿಗೆದಾರರ ಹೆಸರನ್ನು ಮುಚ್ಚಿಟ್ಟಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದುಪಡಿಸಿತು. ಕಂಪನಿಗಳು ಮಿತಿಯಿಲ್ಲದೆ ದೇಣಿಗೆ ಕೊಡಲು ಅವಕಾಶ ನೀಡಿದ್ದ ತಿದ್ದುಪಡಿಯನ್ನೂ ಅದೇ ತೀರ್ಪು ತೆಗೆದುಹಾಕಿತು. ಬಾಂಡ್ ಖರೀದಿಸಿದವರ ಪಟ್ಟಿ ಈಗ ಸಾರ್ವಜನಿಕವಾಗಿದೆ.

ಮೂರೂ ಕಡೆಯ ಹೆಸರುಗಳು ಸಿಕ್ಕ ಮೇಲೆ ಅವನ್ನು ಟೆಂಡರ್ ಮತ್ತು ಗಣಿ ಗುತ್ತಿಗೆಯ ದಾಖಲೆಗಳೊಂದಿಗೆ ಹೋಲಿಸಬೇಕು. ಜಾಲತಾಣದಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, ಮತ್ತು ಪ್ರಶ್ನೆ ಸುಮಾರು 150 ಪದಗಳ ಒಳಗಿರಬೇಕು. ಹೆಸರು ಹೊಂದಿಕೆಯಾದ ಮಾತ್ರಕ್ಕೆ ಲಂಚ ನಡೆಯಿತೆಂದು ಬರೆಯಬೇಡಿ. ಒಂದೇ ಹೆಸರಿನ ಇಬ್ಬರು ಇರುವುದು ನಮ್ಮ ಕಡೆ ಅಪರೂಪವೇನಲ್ಲ, ಮಾನನಷ್ಟದ ಮೊಕದ್ದಮೆಯೂ ಅಷ್ಟೇ.

ಇನ್ನು ನಿರ್ಬಂಧ ಕೇಳುವ ಕೆಲಸ. ಮಾದರಿಗಾಗಿ ಅಮೆರಿಕದ ರಾಜ್ಯಗಳ ಕಾನೂನನ್ನು ನೋಡಬಹುದು. ಕ್ಯಾಲಿಫೋರ್ನಿಯಾದ ಮತದಾರರು 2000ದಲ್ಲಿ ಒಪ್ಪಿದ ಕಾನೂನಿನ ಪ್ರಕಾರ, ಒಂದು ಸರ್ಕಾರಿ ಸಂಸ್ಥೆಯ ಮುಂದೆ ಲಾಬಿ ನಡೆಸಲು ನೋಂದಾಯಿಸಿಕೊಂಡವರು ಅದೇ ಸಂಸ್ಥೆಯ ಚುನಾಯಿತರಿಗೆ ದೇಣಿಗೆ ಕೊಡುವಂತಿಲ್ಲ. ಅಲಾಸ್ಕಾದಲ್ಲಿ ಲಾಬಿಗಾರರು ತಾವು ಮತ ಹಾಕುವ ಕ್ಷೇತ್ರದ ಅಭ್ಯರ್ಥಿಗೆ ಮಾತ್ರ ಕೊಡಬಹುದು, ಮತ್ತು ನನಗೆ ಹೆಚ್ಚು ಹಿಡಿಸುವುದು ಈ ಮಾದರಿಯೇ, ಏಕೆಂದರೆ ಅದು ಮತದಾರನ ಹಕ್ಕನ್ನು ಉಳಿಸಿಕೊಂಡು ವ್ಯಾಪಾರಿಯ ಕೈಯನ್ನು ಮಾತ್ರ ಕಟ್ಟುತ್ತದೆ. ನಾರ್ತ್ ಕ್ಯಾರೊಲೈನಾದ ಪೂರ್ಣ ನಿಷೇಧವನ್ನು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಎತ್ತಿಹಿಡಿಯಿತು. ಆದರೆ ಇವೆಲ್ಲವೂ ನಡೆಯುವುದು ನೋಂದಣಿ ಇರುವುದರಿಂದ; ನೋಂದಣಿಯನ್ನು ಕೇಳದೆ ನಿಷೇಧವನ್ನಷ್ಟೇ ಕೇಳಿದರೆ ಅದು ಯಾರಿಗೂ ಅನ್ವಯಿಸದ ಕಾಗದವಾಗುತ್ತದೆ.

ಬೇಡಿಕೆಯನ್ನು ಯಾವ ಬಾಗಿಲಿಗೆ ಒಯ್ಯಬೇಕೆಂಬುದೂ ಅಷ್ಟೇ ಮುಖ್ಯ. ಚುನಾವಣಾ ವೆಚ್ಚದ ಬಗ್ಗೆ ಸಂಸತ್ತು ಈಗಾಗಲೇ ಕಾನೂನು ಮಾಡಿರುವುದರಿಂದ, ದೇಣಿಗೆಯ ಮಿತಿಯನ್ನು ರಾಜ್ಯವೊಂದೇ ಹೇರಲು ಹೊರಟರೆ ಅದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಆ ಭಾಗವನ್ನು ಸಂಸದರಿಗೂ ಚುನಾವಣಾ ಆಯೋಗಕ್ಕೂ ಬರೆಯಿರಿ. ರಾಜ್ಯದ ಕೈಯಲ್ಲಿರುವುದು ಬೇರೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 22ನೆಯ ಕಲಮಿನಂತೆ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಬೇಕು. ಆ ವಿವರದೊಂದಿಗೆ ವರ್ಷದಲ್ಲಿ ಪಡೆದ ದೇಣಿಗೆ ಮತ್ತು ಆತಿಥ್ಯದ ಪಟ್ಟಿಯನ್ನೂ ಸೇರಿಸಬೇಕೆಂಬ ತಿದ್ದುಪಡಿ, ಗುತ್ತಿಗೆದಾರರು ಟೆಂಡರ್ ಸಲ್ಲಿಸುವಾಗಲೇ ಹಿಂದಿನ ವರ್ಷಗಳ ರಾಜಕೀಯ ದೇಣಿಗೆಯನ್ನು ಘೋಷಿಸಬೇಕೆಂಬ ಷರತ್ತು, ಸಚಿವರನ್ನು ಕಂಡವರ ಭೇಟಿಯ ದಾಖಲೆ: ಇವು ವಿಧಾನಸೌಧದಲ್ಲೇ ಆಗಬಹುದಾದ ಕೆಲಸಗಳು.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಿಗೆ ಮತದಾರರು ಓಟಿನ ಜೊತೆಗೆ ನೋಟನ್ನೂ ಕೊಟ್ಟು ಗೆಲ್ಲಿಸಿದರೆಂದು ಮಲೆನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಸಣ್ಣ ದೇಣಿಗೆಗಳಿಗೆ ತಡೆ ಬೇಡವೆಂಬ ವಾಕ್ಯ ನಿಮ್ಮ ಮನವಿಯಲ್ಲಿ ಕಡ್ಡಾಯವಾಗಿ ಇರಲಿ. ಮನವಿ ಎರಡು ಪುಟ ಮೀರದಿರಲಿ, ವೆಚ್ಚದ ಲೆಕ್ಕದ ದೃಢೀಕೃತ ನಕಲು ಅದಕ್ಕೆ ಲಗತ್ತಾಗಿರಲಿ. ಶಾಸಕರಿಗೆ, ಸೋತ ಪ್ರಮುಖ ಅಭ್ಯರ್ಥಿಗಳಿಗೆ ಮತ್ತು ವಿಧಾನಸಭೆಯ ಅರ್ಜಿಗಳ ಸಮಿತಿಗೆ ಒಂದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಈ ವಿಧಾನಸಭೆಯ ಅವಧಿ 2028ರಲ್ಲಿ ಮುಗಿಯುವುದರಿಂದ, ಅಭ್ಯರ್ಥಿಗಳು ನಾಮಪತ್ರ ಸಲ್ಲಿಸುವ ಮೊದಲೇ ಅವರಿಂದ ಲಿಖಿತ ಉತ್ತರ ಕೇಳಿ ಪಡೆಯಬೇಕು.