ಹರ್ಬೇರಿಯಂ ಪಟ್ಟಿ ಜಿಬಿಐಎಫ್‌ಗೆ: ಪರೀಕ್ಷಕ ಹಿಡಿಯುವ ತಪ್ಪು, ಹಿಡಿಯದ ತಪ್ಪು

ಪಶ್ಚಿಮಘಟ್ಟದ ಹರ್ಬೇರಿಯಂ ಹಾಳೆಗಳ (ಗಿಡ ಒಣಗಿಸಿ ಅಂಟಿಸಿಟ್ಟ ಹಾಳೆಗಳ) ಲೇಬಲ್‌ಗಳನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಮುಗಿಸಿದರೆ ಅರ್ಧ ಕೆಲಸ ಆಯಿತು. ಆ ಪಟ್ಟಿ ಕಪಾಟಿನಿಂದ ಹೊರಬಂದು ಎಲ್ಲ ಸಸ್ಯಶಾಸ್ತ್ರಜ್ಞರಿಗೂ ಸಿಗಬೇಕಾದರೆ ಜೀವವೈವಿಧ್ಯದ ದಾಖಲೆಗಳನ್ನು ಎಲ್ಲರಿಗೂ ತೆರೆದಿಡುವ ಜಾಗತಿಕ ಜಾಲವಾದ ಜಿಬಿಐಎಫ್‌ಗೆ ಸೇರಿಸಬೇಕು. 2001ರಲ್ಲಿ ಶುರುವಾದ, ಕೋಪನ್‌ಹೇಗನ್‌ನಲ್ಲಿ ಸಚಿವಾಲಯ ಇರುವ ಈ ಜಾಲದ ತಾಣದಲ್ಲೇ ಡೇಟಾ ವ್ಯಾಲಿಡೇಟರ್ ಎಂಬ ಪರೀಕ್ಷಕವಿದೆ. ಖಾತೆ ತೆರೆದು ಲಾಗಿನ್ ಆಗಿ ಫೈಲ್ ಹಾಕಿದರೆ ಅದು ಸಾಲುಸಾಲಾಗಿ ಓದಿ ವರದಿ ಕೊಡುತ್ತದೆ. ಇಲ್ಲಿ ಹಾಕಿದ್ದು ಪ್ರಕಟವಾಗುವುದಿಲ್ಲ. ಪ್ರಕಟಣೆಗೆ ಸಂಸ್ಥೆ ಬೇರೆಯಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಆದ್ದರಿಂದ ಅರೆಬೆಂದ ಫೈಲನ್ನೂ ಅಂಜದೆ ಹಾಕಿ ನೋಡಬಹುದು. ನಾನಂತೂ ಮೊದಲ 50 ಸಾಲು ತುಂಬಿದ ಕೂಡಲೇ ಒಮ್ಮೆ ಹಾಕಿ ನೋಡುತ್ತೇನೆ. ಕಾಲಂ ವಿನ್ಯಾಸದಲ್ಲಿ ತಪ್ಪಿದ್ದರೆ 50 ಸಾಲಿಗೇ ಗೊತ್ತಾಗಿಬಿಡುತ್ತದೆ, 5,000 ಸಾಲು ತುಂಬುವವರೆಗೆ ಕಾಯಬೇಕಿಲ್ಲ.

ಕಾಲಂಗಳ ಹೆಸರು ಡಾರ್ವಿನ್ ಕೋರ್ ಮಾನಕದ್ದೇ, ಅಂದರೆ ಜೀವವೈವಿಧ್ಯದ ದಾಖಲೆಗಳಿಗೆಂದು ಒಪ್ಪಿಕೊಂಡ ಪದಪಟ್ಟಿಯದ್ದೇ ಆಗಿರಬೇಕು. ಇಂಗ್ಲಿಷಿನಲ್ಲಿ, ಪದಗಳ ನಡುವೆ ಜಾಗ ಬಿಡದೆ, ಮೊದಲ ಅಕ್ಷರ ಚಿಕ್ಕದಾಗಿ ಬರೆಯಬೇಕು. ‘ಲ್ಯಾಟಿಟ್ಯೂಡ್’ ಎಂದಷ್ಟೇ ಬರೆದ ಕಾಲಂ ಅದರ ಪಾಲಿಗೆ ಅಪರಿಚಿತ, ‘ಡೆಸಿಮಲ್‌ಲ್ಯಾಟಿಟ್ಯೂಡ್’ ಆದರೆ ಪರಿಚಿತ. ಹರ್ಬೇರಿಯಂ ಹಾಳೆಗೆ ನಾಲ್ಕು ಕಾಲಂ ಇಲ್ಲದೆ ಆಗುವುದೇ ಇಲ್ಲ: ದಾಖಲೆಯ ಗುರುತಾದ ಆಕರೆನ್ಸ್‌ಐಡಿ, ದಾಖಲೆಯ ಬಗೆ ಹೇಳುವ ಬೇಸಿಸ್‌ಆಫ್‌ರೆಕಾರ್ಡ್, ವೈಜ್ಞಾನಿಕ ಹೆಸರು, ಸಂಗ್ರಹಿಸಿದ ದಿನಾಂಕ. ದೇಶದ ಸಂಕೇತ, ಅಕ್ಷಾಂಶ, ರೇಖಾಂಶ, ಡೇಟಂ (ಅಕ್ಷಾಂಶ ರೇಖಾಂಶ ಅಳೆಯಲು ಆಧಾರವಾದ ಭೂಮಾದರಿ), ಸ್ಥಳದ ಅನಿಶ್ಚಿತತೆ, ಕಿಂಗ್‌ಡಂ (ಸಸ್ಯವೋ ಪ್ರಾಣಿಯೋ ಎಂಬ ವಿಭಾಗ) ಇವು ಇರಲೇಬೇಕೆಂಬ ಕಡ್ಡಾಯವಿಲ್ಲ. ಆದರೂ ಇವನ್ನು ತುಂಬದೆ ಅಪ್‌ಲೋಡ್ ಮಾಡಿದರೆ ಪರೀಕ್ಷಕಕ್ಕೆ ತಾಳೆ ನೋಡಲು ಏನೂ ಸಿಗುವುದಿಲ್ಲ. ಖಾಲಿ ಕಾಲಂನಲ್ಲಿ ಅದು ತಪ್ಪನ್ನಾದರೂ ಎಲ್ಲಿ ಹುಡುಕೀತು?

ಬೇಸಿಸ್‌ಆಫ್‌ರೆಕಾರ್ಡ್‌ನಲ್ಲಿ ಒಣಗಿಸಿಟ್ಟ ಮಾದರಿಗೆ ‘ಪ್ರಿಸರ್ವ್‌ಡ್‌ಸ್ಪೆಸಿಮನ್’ ಎಂದೇ ಬರೆಯಬೇಕು. ‘ಹರ್ಬೇರಿಯಂ’ ಎಂದು ಬರೆಯಬಾರದು. ಆಕರೆನ್ಸ್‌ಐಡಿಗೆ ಎಕ್ಸೆಲ್‌ನ ಸಾಲಿನ ಸಂಖ್ಯೆ ಕೊಡುವವರು ಬಹಳ ಮಂದಿ. ದಯವಿಟ್ಟು ಕೊಡಬೇಡಿ. ನಾಳೆ ಯಾರಾದರೂ ಪಟ್ಟಿಯನ್ನು ಜಾತಿವಾರು ಜೋಡಿಸಿದರೆ 118ನೇ ಸಾಲಿನ ಮಾವು 402ಕ್ಕೆ ಹೋಗಿರುತ್ತದೆ. ಮರುಪ್ರಕಟಣೆಯಲ್ಲಿ ಹಳೆಯ ಗುರುತು ಬೇರೆ ಗಿಡಕ್ಕೆ ಅಂಟಿಕೊಂಡು, ಅದನ್ನು ಪ್ರಬಂಧದಲ್ಲಿ ಉಲ್ಲೇಖಿಸಿದವರ ಕೊಂಡಿ ತಪ್ಪು ಹಾಳೆಗೆ ಕರೆದೊಯ್ಯುತ್ತದೆ. ಸಂಸ್ಥೆಯ ಸಂಕೇತ, ಸಂಗ್ರಹದ ಸಂಕೇತ, ಹಾಳೆಯ ಮೇಲೆ ಮುದ್ರೆಯೊತ್ತಿದ ಸಂಖ್ಯೆ ಈ ಮೂರನ್ನೂ ಕೋಲನ್ ಹಾಕಿ ಜೋಡಿಸಿದರೆ ಸಾಕು. ಸಂಗ್ರಾಹಕರ ಸಂಖ್ಯೆ ಇದಕ್ಕೆ ಒದಗುವುದಿಲ್ಲ, ಏಕೆಂದರೆ ಒಂದೇ ಗಿಡದಿಂದ ಮೂರು ನಕಲು ಹಾಳೆ ಮಾಡಿದ್ದರೆ ಮೂರಕ್ಕೂ ಸಂಗ್ರಾಹಕರ ಸಂಖ್ಯೆ ಒಂದೇ.

ದಿನಾಂಕದಲ್ಲಿ ಎಕ್ಸೆಲ್ ಮಾಡುವ ಹಾನಿ ಅಷ್ಟಿಷ್ಟಲ್ಲ. ಲೇಬಲ್‌ನಲ್ಲಿ 5-6-1962 ಎಂದಿದ್ದರೆ ನಮಗೆ ಜೂನ್ 5. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ಮೇ 6 ಆಗುತ್ತದೆ. 25-6-1962 ಆದರೆ 25ನೇ ತಿಂಗಳು ಇಲ್ಲದ್ದರಿಂದ ಪಠ್ಯವಾಗಿಯೇ ಉಳಿಯುತ್ತದೆ. ಹೀಗೆ ಒಂದೇ ಕಾಲಂನಲ್ಲಿ ಕೆಲವು ಸೆಲ್ ಎಡಕ್ಕೆ, ಕೆಲವು ಬಲಕ್ಕೆ ಒತ್ತಿಕೊಂಡು ಕೂತಿದ್ದರೆ ಈ ರೋಗ ತಗುಲಿದೆ ಎಂದೇ ಅರ್ಥ. ಎರಡಂಕಿಯ ಇಸವಿ ಇನ್ನೂ ಕೆಟ್ಟದ್ದು: 12-3-21 ಎಂದರೆ ಎಕ್ಸೆಲ್ ತನ್ನಷ್ಟಕ್ಕೆ 2021 ಮಾಡುತ್ತದೆ, ಗಿಡ ಕಿತ್ತದ್ದು 1921ರಲ್ಲಿ. 1900ಕ್ಕಿಂತ ಹಿಂದಿನ ದಿನಾಂಕವನ್ನು ಅದು ದಿನಾಂಕವೆಂದೇ ಒಪ್ಪುವುದಿಲ್ಲ. ಮೇ 6ನ್ನಾಗಲಿ 2021ನ್ನಾಗಲಿ ಪರೀಕ್ಷಕ ಹಿಡಿಯಲಾರದು, ಎರಡೂ ಸಿಂಧುವಾದ ದಿನಾಂಕಗಳೇ. ಆದ್ದರಿಂದ ಟೈಪ್ ಮಾಡುವ ಮೊದಲೇ ಕಾಲಂ ಪೂರ್ತಿ ಆರಿಸಿ ‘ಟೆಕ್ಸ್ಟ್’ ಮಾಡಿ, 1962-06-05 ಎಂಬ ಕ್ರಮದಲ್ಲೇ ಬರೆಯಬೇಕು. ತಿಂಗಳವರೆಗೆ ಮಾತ್ರ ಗೊತ್ತಿದ್ದರೆ 1962-06, ಇಸವಿ ಮಾತ್ರ ಗೊತ್ತಿದ್ದರೆ 1962, ನಾಲ್ಕು ದಿನದ ತಿರುಗಾಟವಾದರೆ 1962-06-05/1962-06-08. ಗೊತ್ತಿಲ್ಲದ ದಿನಕ್ಕೆ 01 ತುಂಬಬಾರದು. ಹಾಗೆ ತುಂಬಿದ ಪಟ್ಟಿಯಲ್ಲಿ ಪ್ರತಿ ತಿಂಗಳ ಒಂದನೇ ತಾರೀಖು ಗಿಡಗಳು ಗುಂಪುಗುಂಪಾಗಿ ಹೂಬಿಟ್ಟಂತೆ ಕಾಣುತ್ತದೆ, ಹೂಬಿಡುವ ಕಾಲವನ್ನು ಅಧ್ಯಯನ ಮಾಡುವವರಿಗೆ ಅದರಿಂದ ದೊಡ್ಡ ಮೋಸ. ಲೇಬಲ್‌ನಲ್ಲಿದ್ದ ಮೂಲ ಬರಹವನ್ನು ‘ವರ್ಬೇಟಿಮ್’ ದಿನಾಂಕದ ಕಾಲಂನಲ್ಲಿ ಹಾಗೆಯೇ ಇಟ್ಟರೆ ಮುಂದೆ ಅನುಮಾನ ಬಂದಾಗ ಹಾಳೆ ಹುಡುಕುವ ಕೆಲಸ ತಪ್ಪುತ್ತದೆ.

ಅಕ್ಷಾಂಶ ರೇಖಾಂಶಕ್ಕೆ ಬರೋಣ. ಲೇಬಲ್‌ನ 14 ಡಿಗ್ರಿ 37 ಮಿನಿಟು ಎಂಬುದನ್ನು 14.37 ಎಂದು ಬರೆಯುವುದು ಸಾಮಾನ್ಯ ತಪ್ಪು. ಮಿನಿಟನ್ನು 60ರಿಂದ ಭಾಗಿಸಬೇಕು, ಆಗ 14.6167. ಇವೆರಡರ ನಡುವಿನ ಅಂತರ ಸುಮಾರು 27 ಕಿಲೋಮೀಟರ್. ಪರೀಕ್ಷಕಕ್ಕೆ ಎರಡೂ ಭಾರತವೇ, ಹಾಗಾಗಿ ತುಟಿಪಿಟಕ್ಕೆನ್ನದು. ಸಿಗುವ ಒಂದು ಸುಳಿವೆಂದರೆ, ಇಡೀ ಕಾಲಂನಲ್ಲಿ ದಶಮಾಂಶದ ಮೊದಲೆರಡು ಅಂಕಿ ಎಲ್ಲೂ 59 ದಾಟದಿದ್ದರೆ ಯಾರೋ ಭಾಗಿಸದೆ ಬರೆದಿದ್ದಾರೆ.

ಅಕ್ಷಾಂಶ ರೇಖಾಂಶ ಅದಲುಬದಲಾದರೆ ಶಿರಸಿಯ ಗಿಡ ಉತ್ತರ ಧ್ರುವದ ಕಡೆ, ನಾರ್ವೆಗೂ ಮೇಲಿನ ಸಮುದ್ರದಲ್ಲಿ ಬೀಳುತ್ತದೆ. ದೇಶದ ಸಂಕೇತದಲ್ಲಿ ‘ಐಎನ್’ ಎಂದು ತುಂಬಿದ್ದರೆ ಪರೀಕ್ಷಕ ಅದಲುಬದಲಾಗಿರುವಂತಿದೆ ಎಂದು ತಾನೇ ಗುರುತಿಸುತ್ತದೆ. ಆ ಕಾಲಂ ಖಾಲಿಯಿದ್ದರೆ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಹೀಗೆ ಎರಡಕ್ಷರದ ಒಂದು ಸಂಕೇತದಿಂದ ಸಾವಿರಾರು ಸಾಲಿನ ತಾಳೆ ಸಾಧ್ಯವಾಗುತ್ತದೆ. ಇನ್ನೊಂದು ಅಪಾಯ ಎಕ್ಸೆಲ್‌ನ ಎಳೆದು ತುಂಬುವ ಸೌಲಭ್ಯ. ಒಂದೇ ಊರಿನ ಹತ್ತು ಹಾಳೆಗೆ 14.6167 ಎಳೆಯಲು ಹೋದರೆ ಕೆಲವೊಮ್ಮೆ 15.6167, 16.6167 ಎಂದು ಏರುತ್ತ ಹೋಗುತ್ತದೆ. ನಕ್ಷೆಯಲ್ಲಿ ನೆಟ್ಟಗೆ ಬಡಗಣಕ್ಕೆ ಸಾಲುಗಟ್ಟಿ ನಿಂತ ಚುಕ್ಕಿ ಕಂಡರೆ ಅದು ಇದೇ.

ಡೇಟಂ ಬರೆಯದಿದ್ದರೆ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್84 ಎಂದು ಊಹಿಸಿಕೊಂಡೆ ಎಂಬ ಸೂಚನೆ ಬರುತ್ತದೆ. ಜಿಪಿಎಸ್‌ನಿಂದ ಬಂದ ಅಂಕಿಯಾದರೆ ಡಬ್ಲ್ಯೂಜಿಎಸ್84 ಎಂದೇ ತುಂಬಿ. ಹಳೆಯ ಸರ್ವೆ ನಕ್ಷೆ ನೋಡಿ ತೆಗೆದದ್ದಾದರೆ ಅದರ ಆಧಾರ ಎವರೆಸ್ಟ್ ಗೋಳಾಭ ಎಂಬ ಬೇರೆ ಭೂಮಾದರಿ, ಜಾಗ ನೂರು ಮೀಟರಿಗಿಂತ ಹೆಚ್ಚು ಸರಿದಿರಬಹುದು. ಅದಕ್ಕೂ ದೊಡ್ಡದು ಮಿನಿಟಿನವರೆಗೆ ಮಾತ್ರ ಬರೆದ ಲೇಬಲ್‌ನ ಅನಿಶ್ಚಿತತೆ. ಒಂದು ಮಿನಿಟು ನಮ್ಮ ಕಡೆ ಸುಮಾರು 1.8 ಕಿಲೋಮೀಟರ್, ಆ ಚೌಕದ ಕರ್ಣ ಸುಮಾರು 2,600 ಮೀಟರ್. ಅನಿಶ್ಚಿತತೆಯ ಕಾಲಂನಲ್ಲಿ ಕನಿಷ್ಠ ಅಷ್ಟು ಬರೆಯುವುದು ಪ್ರಾಮಾಣಿಕತೆ. 14.616667 ಎಂದು ಆರು ದಶಮಾಂಶ ಬರೆದು ಈ ಕಾಲಂ ಖಾಲಿ ಬಿಟ್ಟರೆ, ಓದುವವರು ಗಿಡ ಇಲ್ಲೇ ಕೈಯಳತೆಯಲ್ಲಿತ್ತು ಎಂದುಕೊಳ್ಳುತ್ತಾರೆ.

ಎತ್ತರವನ್ನು ಮೀಟರಿನಲ್ಲೇ ಕೊಡಬೇಕು, ಹಳೆಯ ಲೇಬಲ್‌ಗಳಲ್ಲಿರುವುದು ಅಡಿ. 1,800 ಅಡಿ ಎಂದರೆ ಸುಮಾರು 549 ಮೀಟರ್. ‘1800 ಅಡಿ’ ಎಂದು ಅಕ್ಷರ ಸೇರಿಸಿ ಬರೆದರೆ ಪರೀಕ್ಷಕ ಸಂಖ್ಯೆಯಲ್ಲ ಎಂದು ಹೇಳುತ್ತದೆ, ಬರೀ 1800 ಎಂದರೆ ಒಪ್ಪಿಬಿಡುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಕರ್ನಾಟಕದ ಹಾಳೆಗಳಲ್ಲಿ ಅದಕ್ಕಿಂತ ಹೆಚ್ಚಿನ ಅಂಕಿಯಿರುವ ಸಾಲೆಲ್ಲ ಅಡಿಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಹುದು. ಕಡಿಮೆಯಿರುವವನ್ನು ಊರಿನೊಂದಿಗೆ ಹೋಲಿಸಿಯೇ ತಿಳಿಯಬೇಕು. ಹೊನ್ನಾವರದ ಕಡಲ ಬಯಲಿಗೆ 400 ಮೀಟರ್ ಬರಲಾರದು.

ಸ್ಥಳನಾಮಕ್ಕೆ ಚರಿತ್ರೆಯ ತಿಳಿವಳಿಕೆ ಬೇಕು, ಇಲ್ಲಿ ಯಂತ್ರದ ನೆರವು ಶೂನ್ಯ. ‘ಮೈಸೂರು ಸ್ಟೇಟ್’ ಎಂಬುದು 1956ಕ್ಕೆ ಮೊದಲಿನದೋ ಅನಂತರದ್ದೋ ಎಂಬುದನ್ನು ದಿನಾಂಕ ನೋಡಿ ತೀರ್ಮಾನಿಸಬೇಕು, ಏಕೆಂದರೆ ಏಕೀಕರಣದ ನಂತರ 1973ರವರೆಗೂ ರಾಜ್ಯಕ್ಕೆ ಅದೇ ಹೆಸರು. ‘ಸೌತ್ ಕೆನರಾ’ ಇನ್ನೂ ಜಟಿಲ. 1956ಕ್ಕೆ ಹಿಂದಿನ ಹಾಳೆಯಾದರೆ ಗಿಡ ಕಾಸರಗೋಡಿನದೂ ಇರಬಹುದು, ಅಂದರೆ ಇಂದಿನ ಕೇರಳ. 1997ಕ್ಕೆ ಹಿಂದಿನದಾದರೆ ಇಂದಿನ ಉಡುಪಿ ಜಿಲ್ಲೆಯದೂ ಇರಬಹುದು. ರಾಜ್ಯ ಮತ್ತು ಜಿಲ್ಲೆಯ ಕಾಲಂಗಳಿಗೆ ಇಂದಿನ ಹೆಸರು, ವರ್ಬೇಟಿಮ್ ಸ್ಥಳದ ಕಾಲಂಗೆ ಲೇಬಲ್‌ನ ಅಕ್ಷರಶಃ ಬರಹ, ಇದು ನನ್ನ ಕ್ರಮ. ಹಳ್ಳಿ ಯಾವುದೆಂದು ಖಚಿತವಾಗದಿದ್ದರೆ ಜಿಲ್ಲೆಯ ಕಾಲಂ ಖಾಲಿ ಬಿಡುವುದೇ ಮೇಲು.

ಕನ್ನಡದ ಹೆಸರುಗಳನ್ನು ಸೇರಿಸುವವರು ಎರಡು ವಿಷಯ ಗಮನಿಸಬೇಕು. ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿಯಾಗಿ ಉಳಿಸಿದರೆ ‘ಹಲಸು’ ಎಂಬುದು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನೇ ಒತ್ತಬೇಕು. ಎರಡನೆಯದು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ಗಳಲ್ಲಿ ಟೈಪಾದ ಪಟ್ಟಿ. ಫಾಂಟ್ ಹಾಕಿದ ಕಂಪ್ಯೂಟರಿನಲ್ಲಿ ಚೆಂದದ ಕನ್ನಡ ಕಾಣುತ್ತದೆ, ಫೈಲಿನೊಳಗೆ ಇರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಪರೀಕ್ಷಕಕ್ಕೆ ಅವೂ ಸಿಂಧು ಅಕ್ಷರಗಳೇ ಆದ್ದರಿಂದ ಹಸಿರು ಗುರುತು ಕೊಡುತ್ತದೆ. ಅಂಥ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ಓದಬೇಕು. ಪರಿವರ್ತಕಗಳು ಎಡವುವುದು ಅಲ್ಲೇ. ಯೂನಿಕೋಡಿನಲ್ಲೂ ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಬಿಡಿಬಿಡಿ ತುಣುಕುಗಳಾಗಿಯೂ ಬರೆಯಲು ಬರುತ್ತದೆ. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಎರಡು. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಸಾಮಾನ್ಯೀಕರಣ ಮಾಡಿಬಿಟ್ಟರೆ ಈ ತೊಂದರೆ ತೀರುತ್ತದೆ. ಪಟ್ಟಿ ಶುಚಿಗೊಳಿಸುವ ತಂತ್ರಾಂಶವಾದ ಓಪನ್‌ರಿಫೈನ್‌ನಲ್ಲಿ ಕಾಲಂ ತೆರೆದು ಗುಂಪುಗೂಡಿಸಿದರೆ ಯಲ್ಲಾಪುರ, ಯಲ್ಲಾಪೂರ ಎಂಬ ಜೋಡಿಗಳೂ ಹೊರಬೀಳುತ್ತವೆ.

ವೈಜ್ಞಾನಿಕ ಹೆಸರನ್ನು ಪರೀಕ್ಷಕ ಜಿಬಿಐಎಫ್‌ನ ಹೆಸರುಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಅಕ್ಷರ ತಪ್ಪಿದ್ದರೆ ‘ಹೋಲುವ ಹೆಸರು ಸಿಕ್ಕಿತು’ ಎಂದೂ, ಜಾತಿ ಸಿಗದಿದ್ದರೆ ‘ಮೇಲಿನ ಮಟ್ಟಕ್ಕೆ ಹೊಂದಿಸಿದೆ’ ಎಂದೂ, ಏನೂ ಸಿಗದಿದ್ದರೆ ‘ಹೊಂದಿಕೆಯಿಲ್ಲ’ ಎಂದೂ ಹೇಳುತ್ತದೆ. ಹೋಲುವ ಹೆಸರನ್ನು ಕುರುಡಾಗಿ ಒಪ್ಪಬಾರದು. ‘ಫೈಕಸ್ ಎಸ್‌ಪಿ.’ (ಫೈಕಸ್ ಕುಲದ್ದು, ಜಾತಿ ಗೊತ್ತಿಲ್ಲ) ಎಂದು ಬರೆದ ಹಾಳೆಗಳಿಗೆ ಹೆಸರಿನ ಕಾಲಂನಲ್ಲಿ ‘ಫೈಕಸ್’ ಮಾತ್ರ ಸಾಕು, ಮಟ್ಟದ ಕಾಲಂನಲ್ಲಿ ‘ಜೀನಸ್’ ಎಂದಿರಲಿ. ‘ಇದನ್ನು ಹೋಲುತ್ತದೆ’ ಎಂಬರ್ಥದ ‘ಸಿಎಫ್.’ ಇದ್ದರೆ ಅದನ್ನು ಗುರುತಿಸುವಿಕೆಯ ಅನುಮಾನಕ್ಕೆಂದೇ ಇರುವ ಬೇರೆ ಕಾಲಂಗೆ ಸಾಗಿಸಬೇಕು. ಕಿಂಗ್‌ಡಂ ಕಾಲಂನಲ್ಲಿ ‘ಪ್ಲಾಂಟೆ’ ತುಂಬಲು ಮರೆಯಬೇಡಿ. ಫೈಕಸ್ ಎಂದರೆ ನಮಗೆ ಅತ್ತಿ, ಆಲ, ಅರಳಿಯ ಕುಲ. ಅದೇ ಹೆಸರಿನ ಕಡಲ ಬಸವನಹುಳುವಿನ ಕುಲವೂ ಇದೆ.

ಫೈಲಿನ ಕಟ್ಟಡದಲ್ಲಿ ಆಗುವ ತಪ್ಪುಗಳನ್ನು ಪರೀಕ್ಷಕ ಚೆನ್ನಾಗಿ ಹಿಡಿಯುತ್ತದೆ. ‘ಕತ್ತಲೆಕಾನು, ಸಿದ್ದಾಪುರ’ ಎಂಬಲ್ಲಿನ ಅಲ್ಪವಿರಾಮ ಉದ್ಧರಣ ಚಿಹ್ನೆಯೊಳಗೆ ಇರದಿದ್ದರೆ ಅಲ್ಲಿಂದಾಚೆಯ ಕಾಲಂಗಳೆಲ್ಲ ಒಂದು ಮನೆ ಸರಿಯುತ್ತವೆ. ಸೆಲ್‌ನೊಳಗೆ ಎಂಟರ್ ಒತ್ತಿದ್ದರೆ ದಾಖಲೆ ಎರಡು ತುಂಡಾಗುತ್ತದೆ. ಟ್ಯಾಬ್‌ನಿಂದ ಬೇರ್ಪಡಿಸಿದ ಫೈಲ್ ಮಾಡಿದರೆ ಮೊದಲನೆಯ ಕಾಟ ತಪ್ಪುತ್ತದೆ, ಎರಡನೆಯದಕ್ಕೆ ಎಕ್ಸೆಲ್‌ನಲ್ಲೇ ‘ಕ್ಲೀನ್’ ಸೂತ್ರ ಓಡಿಸಿ. ಪಟ್ಟಿಯನ್ನೂ ಅದರ ವಿವರದ ಫೈಲುಗಳನ್ನೂ ಒಟ್ಟಿಗೆ ಡಾರ್ವಿನ್ ಕೋರ್ ಆರ್ಕೈವ್ ಆಗಿ ಜಿಪ್ ಮಾಡುವವರು, ಕಾಲಂಗಳನ್ನು ವಿವರಿಸುವ ಮೆಟಾ ಎಕ್ಸ್‌ಎಂಎಲ್ ಫೈಲಿನಲ್ಲಿ ಬಿಡಬೇಕಾದ ಶೀರ್ಷಿಕೆ ಸಾಲುಗಳು 1 ಎಂದಿದೆಯೇ ನೋಡಿಕೊಳ್ಳಬೇಕು. 0 ಆಗಿದ್ದರೆ ಕಾಲಂಗಳ ಹೆಸರೇ ಮೊದಲ ಗಿಡವಾಗಿ ದಾಖಲಾಗುತ್ತದೆ.

ಆರ್ಕೈವ್‌ನ ಇನ್ನೊಂದು ಭಾಗ ಇಎಂಎಲ್ ಫೈಲ್, ಅಂದರೆ ಇಡೀ ಸಂಗ್ರಹದ ಪರಿಚಯ ಹೇಳುವ ಮೆಟಾಡೇಟಾ. ಶೀರ್ಷಿಕೆ ಅಥವಾ ವಿವರಣೆ ತೀರ ಚಿಕ್ಕದಾದರೆ, ಪರವಾನಗಿ ಇಲ್ಲದಿದ್ದರೆ, ಸಂಪರ್ಕದ ವಿವರ ಅರ್ಧಕ್ಕೆ ನಿಂತಿದ್ದರೆ ವರದಿ ಹೇಳುತ್ತದೆ. ಪರವಾನಗಿಯಲ್ಲಿ ಮೂರೇ ಆಯ್ಕೆ: ಸಿಸಿ0 (ಯಾವ ಷರತ್ತೂ ಇಲ್ಲ), ಸಿಸಿ ಬೈ (ಹೆಸರು ಉಲ್ಲೇಖಿಸಬೇಕು), ಸಿಸಿ ಬೈ-ಎನ್‌ಸಿ (ಹೆಸರು ಉಲ್ಲೇಖಿಸಬೇಕು, ವಾಣಿಜ್ಯ ಬಳಕೆ ಸಲ್ಲದು). ‘ಅನುಮತಿ ಪಡೆದು ಬಳಸಿ’ ಎಂಬುದು ನಡೆಯುವುದಿಲ್ಲ. ಆದರೆ ಭೌಗೋಳಿಕ ವ್ಯಾಪ್ತಿಯ ಚೌಕಟ್ಟು ಇಡೀ ಭೂಗೋಳವಾಗಿ ಉಳಿದಿದ್ದರೂ ಫೈಲ್ ಪಾಸಾಗುತ್ತದೆ. ಕರ್ನಾಟಕವಾದರೆ ಸುಮಾರು 11.5ರಿಂದ 18.5 ಉತ್ತರ, 74ರಿಂದ 78.5 ಪೂರ್ವ. ಇದೇ ಅಂಕಿಗಳನ್ನು ಎಕ್ಸೆಲ್‌ನಲ್ಲಿ ಸೋಸುಕವಾಗಿಯೂ ಬಳಸಿ ಹೊರಬಿದ್ದ ಸಾಲುಗಳನ್ನು ನೋಡಬಹುದು. ವಿವರಣೆಯಲ್ಲಿ ಹಾಳೆಗಳ ಕಾಲಾವಧಿ, ಎಷ್ಟು ಹಾಳೆಗಳಿಗೆ ಅಕ್ಷಾಂಶ ರೇಖಾಂಶವನ್ನು ನಾವೇ ನಕ್ಷೆ ನೋಡಿ ಕೊಟ್ಟೆವು, ಯಾವ ನಕ್ಷೆ ನೋಡಿದೆವು ಎಂಬುದನ್ನು ಬರೆಯಬೇಕು. ಸಂಪರ್ಕಕ್ಕೆ ವಿಭಾಗದ ಇಮೇಲ್ ಕೊಟ್ಟರೆ ಒಬ್ಬರು ನಿವೃತ್ತರಾದರೂ ಪ್ರಶ್ನೆಗೆ ಉತ್ತರ ಸಿಗುತ್ತದೆ.

ವರದಿ ಬಂದ ಮೇಲೆ ಮೊದಲು ನೋಡಬೇಕಾದ್ದು ಎಷ್ಟು ಸಾಲು ಓದಿದೆ ಎಂಬುದು. ಎಕ್ಸೆಲ್‌ನಲ್ಲಿ 2,340 ಇದ್ದು ವರದಿಯಲ್ಲಿ 2,352 ಎಂದಿದ್ದರೆ ಎಲ್ಲೋ ಹನ್ನೆರಡು ಎಂಟರ್‌ಗಳಿವೆ, ಉಳಿದದ್ದನ್ನು ಓದುವ ಮೊದಲು ಅದನ್ನು ಸರಿಮಾಡಿ. ಆಮೇಲೆ ಪ್ರತಿ ಕಾಲಂಗೆ ನಾವು ಕೊಟ್ಟದ್ದೆಷ್ಟು, ಅದು ಅರ್ಥಮಾಡಿಕೊಂಡದ್ದೆಷ್ಟು ಎಂಬ ಎರಡು ಸಂಖ್ಯೆಗಳನ್ನು ಹೋಲಿಸಬೇಕು. 2,340 ದಿನಾಂಕ ಕೊಟ್ಟು 2,100 ಅರ್ಥವಾಗಿದ್ದರೆ 240 ಸಾಲು ನಷ್ಟ. ಸೂಚನೆಗಳ ಪಕ್ಕದಲ್ಲಿ ಮಾದರಿಗೆ ಕೆಲವು ಸಾಲುಗಳನ್ನಷ್ಟೇ ತೋರಿಸುತ್ತದೆ. ಅಷ್ಟನ್ನೇ ತಿದ್ದಿ ಮುಗಿಸಬಾರದು, ಅದೇ ಬಗೆಯ ತಪ್ಪನ್ನು ಇಡೀ ಕಾಲಂನಲ್ಲಿ ಹುಡುಕಬೇಕು. ಕಡಲತೀರದ ಸಾಲುಗಳನ್ನು ನಕ್ಷೆಯ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಜಿಲ್ಲೆಯ ಗಡಿಯ ಮೇಲೆ ಹಾಕಿ ನೋಡುವುದೂ ನಮ್ಮದೇ ಕೆಲಸ. ತೀರದಾಚೆಯ ಸಮುದ್ರವನ್ನೂ ಪರೀಕ್ಷಕ ಭಾರತವೆಂದೇ ಎಣಿಸುವುದರಿಂದ, ಕುಮಟೆಯ ಮರ ಐದು ಕಿಲೋಮೀಟರ್ ಕಡಲೊಳಗೆ ನಿಂತರೂ ಅದು ಸುಮ್ಮನಿರುತ್ತದೆ.

ಅಪ್‌ಲೋಡ್‌ಗೂ ಮೊದಲೇ ಮಾಡಬೇಕಾದ ಒಂದು ಕೆಲಸವನ್ನು ಕೊನೆಗೆ ಒತ್ತಿ ಹೇಳುತ್ತೇನೆ. ಕತ್ತಲೆಕಾನಿನ ಜೌಗುಕಾಡಿನ ಹೆಸರನ್ನೇ ಹೊತ್ತ, 2000ದಲ್ಲಿ ವಿವರಿಸಲಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್‌ನಂಥ ಅಪರೂಪದ ಮರ, ಕಿತ್ತು ಮಾರುವ ಸೀತಾಳೆ, ಶ್ರೀಗಂಧ ಇವುಗಳ ನಿಖರ ಜಾಗ ಫೈಲಿನಲ್ಲಿ ಇರಬಾರದು. 14.2731 ಎಂಬುದನ್ನು 14.3 ಮಾಡಿದರೆ ಸುಮಾರು 11 ಕಿಲೋಮೀಟರ್ ಚೌಕದೊಳಗೆ ಅಡಗುತ್ತದೆ. ಅನಿಶ್ಚಿತತೆಯ ಕಾಲಂ ಅದಕ್ಕೆ ತಕ್ಕಂತೆ ಹಿಗ್ಗಬೇಕು, ಡೇಟಾಜನರಲೈಸೇಷನ್ಸ್ ಕಾಲಂನಲ್ಲಿ ಹೀಗೆ ಮಾಡಿದ್ದೇವೆ ಎಂದು ಬರೆಯಬೇಕು. ಸ್ಥಳದ ಕಾಲಂನಲ್ಲಿ ‘ಸೇತುವೆಯಿಂದ 200 ಮೀಟರ್, ಹಳ್ಳದ ಎಡದಂಡೆ’ ಎಂದು ಉಳಿಸಿಕೊಂಡು ಅಂಕಿಯನ್ನು ಮಾತ್ರ ಮಸುಕುಮಾಡಿದ ಪಟ್ಟಿಗಳಿವೆ. ಆ ವಾಕ್ಯವನ್ನೂ, ವರ್ಬೇಟಿಮ್ ಕಾಲಂನಲ್ಲಿರುವ ಅದರ ನಕಲನ್ನೂ, ಟಿಪ್ಪಣಿಯ ಕಾಲಂನಲ್ಲಿ ಉಳಿದ ಜಿಪಿಎಸ್ ಅಂಕಿಯನ್ನೂ ಹುಡುಕಿ ತೆಗೆದ ಮೇಲೆಯೇ ಅಪ್‌ಲೋಡ್ ಗುಂಡಿ ಒತ್ತಬೇಕು.