ಮಳೆಗಾಲದ ಫ್ಲೂ ಮತ್ತೆ ನಮ್ಮ ಇಗರ್ಜಿ: ನಾವು ಮಾಡ್ಕೊಂಡ ವ್ಯವಸ್ಥೆ

ಕಾರವಾರದ ಜುಲೈ ಗೊತ್ತಲ್ಲ, ಸಮುದ್ರದ ಕಡೆಯಿಂದ ಮಳೆ ಅಡ್ಡಡ್ಡ ಹೊಡೀತದೆ, ಅದಕ್ಕೆ ಇಗರ್ಜಿಯ (ಅಂದ್ರೆ ಚರ್ಚಿನ) ಕಿಟಕಿ ಎಲ್ಲಾ ಮುಚ್ಚಿಬಿಡ್ತಾರೆ, ಒಳಗೆ ಬೆಂಚು ತುಂಬ ಜನ, ಸರಿಯಾಗಿ ಅದೇ ಹೊತ್ತಿಗೆ ಊರಲ್ಲಿ ಫ್ಲೂ ಇರ್ತದೆ. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ರೆ ಕೆಲಸ ಮುಗೀತು ಅಂತ ಸುಮಾರು ಜನ ಅಂದ್ಕೊಳ್ತಾರೆ, ನಾನು ಮಾತ್ರ ಮೊದಲು ಹಿಡ್ಕೊಂಡಿದ್ದು ಕಿಟಕಿನೇ. ಮಳೆ ಬೀಳದ ಬದಿಯ ಕಿಟಕಿ ಎಲ್ಲಾ ಪೂಜೆ ಮುಗಿಯೋ ತನಕ ತೆರೆದೇ ಇರ್ಬೇಕು, ಎರಡೂ ಕಡೆ ಬಾಗಿಲು ಸಹ. ಅಜ್ಜಿಯಂದಿರಿಗೆ ಚಳಿ ಆಗ್ತದೆ, ಅವರನ್ನ ಗಾಳಿ ನೇರ ಬಡಿಯದ ಜಾಗದಲ್ಲಿ ಕೂರಿಸಿದ್ವಿ.

ಹಾಡೋದ್ರ ಬಗ್ಗೆ ನಂಗೆ ನಿಜವಾಗ್ಲೂ ಹೆದರಿಕೆ ಇತ್ತು. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಅನ್ನೋ ಕಡೆ ಒಂದು ಕ್ವಾಯರ್ (ಒಟ್ಟಿಗೆ ಹಾಡೋ ಗುಂಪು) ಪ್ರಾಕ್ಟೀಸಿಗೆ 61 ಜನ ಸೇರಿದ್ರು, ಅದ್ರಲ್ಲಿ ಒಬ್ಬರಿಗೆ ಮೊದಲೇ ಶೀತದ ಹಾಗೆ ಇತ್ತು, ಎರಡೂವರೆ ಗಂಟೆ ಹಾಡಿದ್ದಷ್ಟೇ, ಆಮೇಲೆ 53 ಜನಕ್ಕೆ ಕೋವಿಡ್, ಇಬ್ರು ತೀರ್ಕೊಂಡ್ರು. ಅದು ಕೋವಿಡ್, ಇದು ಫ್ಲೂ, ಹೌದು, ಆದ್ರೆ ಬಾಯಿ ಬಿಟ್ಟು ಹಾಡೋವಾಗ ಉಸಿರಿನ ಜೊತೆ ಹೊರಗೆ ಬೀಳೋ ಸಣ್ಣ ಹನಿ ಎರಡ್ರಲ್ಲೂ ಇರ್ತದೆ. ಅದಕ್ಕೆ ಕ್ವಾಯರ್ ಪ್ರಾಕ್ಟೀಸ್ ವರಾಂಡಕ್ಕೆ ಹೋಯ್ತು, ಹೊತ್ತೂ ಕಮ್ಮಿ ಮಾಡಿದ್ವಿ, ಗಂಟಲು ಕೆರೆಯೋರು ಆ ವಾರ ಹಾಡೋದಿಲ್ಲ.

ಎಲ್ಲಕ್ಕಿಂತ ಕಷ್ಟ ಜ್ವರ ಬಂದೋರನ್ನ ಮನೇಲಿ ನಿಲ್ಲಿಸೋದು. ನಮ್ಮ ಹಿರಿಯರಿಗೆ ಭಾನುವಾರದ ಪೂಜೆ ತಪ್ಪಿದ್ರೆ ಪಾಪ ಅನ್ನೋ ಭಯ, ಪ್ಯಾರಾಸಿಟಮಾಲ್ ನುಂಗಿ ಬಂದು ಕೂತ್ಕೊಳ್ತಾರೆ. ಫಾದರ್ ಹತ್ರ ಹೋಗಿ "ಇದನ್ನ ನೀವೇ ಹೇಳ್ಬೇಕು ಫಾದರ್, ನಾವು ಹೇಳಿದ್ರೆ ಯಾರೂ ಕೇಳೋದಿಲ್ಲ" ಅಂದೆ. ಕಾಯಿಲೆ ಇದ್ದೋರಿಗೆ, ಎಳೆ ಮಗು ನೋಡ್ಕೊಳ್ಳೋರಿಗೆ ಪೂಜೆ ತಪ್ಪಿದ್ರೆ ದೋಷ ಇಲ್ಲ ಅಂತ ಧರ್ಮಸಭೆಯ, ಅಂದ್ರೆ ಕ್ಯಾಥೊಲಿಕ್ ಚರ್ಚಿನ, ಬೋಧನೆಯಲ್ಲೇ ಇದೆ, ಫಾದರ್ ಅದನ್ನ ಪೂಜೇಲೇ ಸ್ಪಷ್ಟವಾಗಿ ಹೇಳಿದ್ರು. ಮಾತ್ರೆ ತಗೊಳ್ಳದೇನೆ ಜ್ವರ ಬಿಟ್ಟು 24 ಗಂಟೆ ಆಗೋ ತನಕ ಬರ್ಬೇಡಿ, ಪರಮಪ್ರಸಾದ (ಪೂಜೇಲಿ ಕೊಡೋ ಪವಿತ್ರ ರೊಟ್ಟಿ) ಮನೆಗೇ ತಲುಪಿಸ್ತೇವೆ ಅಂತಲೂ ಹೇಳಿದ್ರು. ಈ ಕೊನೇ ಮಾತೇ ಕೆಲಸ ಮಾಡಿದ್ದು ಅಂತ ನಂಗನಿಸ್ತದೆ. ಬರ್ಬೇಡಿ ಅಂತ ಮಾತ್ರ ಹೇಳಿದ್ರೆ ವಯಸ್ಸಾದೋರಿಗೆ ನಮ್ಮನ್ನ ಬಿಟ್ಟೇಬಿಟ್ರು ಅನಿಸ್ತದೆ, ಪಾಪ.

ಉಳಿದದ್ದು ಸಣ್ಣ ಸಣ್ಣದು. ಪೂಜೇಲಿ ಒಬ್ಬರಿಗೊಬ್ರು ಶಾಂತಿ ಹೇಳೋವಾಗ ಕೈ ಹಿಡಿಯದೆ ಕೈ ಮುಗಿಯೋದು, ಬಾಗಿಲ ಹತ್ರದ ಪವಿತ್ರ ನೀರಿನ ಬಟ್ಟಲು ಸ್ವಲ್ಪ ದಿನ ಖಾಲಿ ಇಡೋದು, ಪರಮಪ್ರಸಾದ ನಾಲಿಗೆ ಮೇಲಲ್ಲ, ಆದಷ್ಟು ಕೈಯಲ್ಲೇ ತಗೊಳ್ಳೋದು. ಜ್ವರ ಇಲ್ಲ ಆದ್ರೆ ಕೆಮ್ಮು ಉಳ್ಕೊಂಡಿದೆ ಅನ್ನೋರು ಮಾಸ್ಕ್ ಹಾಕಿ ಬಾಗಿಲ ಹತ್ರದ ಬೆಂಚಲ್ಲಿ.

ಸ್ಯಾನಿಟೈಸರ್ ಇಡೋರು ಒಂದು ನೋಡ್ಕೊಳ್ಳಿ, ಅದ್ರಲ್ಲಿ ಆಲ್ಕೋಹಾಲ್ 60%ಕ್ಕಿಂತ ಕಮ್ಮಿ ಇರ್ಬಾರ್ದು, ಹಾಗಾಗಿ ಬೆಂಕಿನೂ ಬೇಗ ಹಿಡೀತದೆ. ಬಾಟ್ಲಿಯನ್ನ ಮೇಣದಬತ್ತಿ ಸ್ಟ್ಯಾಂಡಿನಿಂದ ದೂರ ಇಡಿ, ಕೈ ಪೂರ್ತಿ ಒಣಗಿದ ಮೇಲೇನೇ ಆಲ್ಟರ್ ಹುಡುಗ್ರಿಗೆ (ಪೂಜೇಲಿ ಫಾದರಿಗೆ ಸಹಾಯ ಮಾಡೋರು) ಬೆಂಕಿಪೊಟ್ಟಣ ಕೊಡಿ.