ಆಕಳಿಸುವ ಹುಡುಗಿಯನ್ನು ಪುಟದಿಂದ ಓಡಿಸಿದ್ದು

ಹೋದ ತಿಂಗಳು ಒಂದು ಪುರವಣಿಯಲ್ಲಿ ನನ್ನ ಲೇಖನ ಬಂತು. ವಿಷಯ ಎಂಇ/ಸಿಎಫ್‌ಎಸ್, ಅಂದರೆ ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಸ್ವಲ್ಪ ಮೈ ದಣಿಸಿದರೂ ಮಂಚ ಹಿಡಿಸುವ ದೀರ್ಘಕಾಲದ ಕಾಯಿಲೆ. ತಲೆಬರಹದಲ್ಲಿ ‘ಸುಸ್ತು’ ಇಲ್ಲ. ಲ್ಯಾಪ್‌ಟಾಪ್ ಮುಂದೆ ಆಕಳಿಸುವ ಹುಡುಗಿಯ ಫೋಟೋ ಇಲ್ಲ. ಯೋಗಾಸನದ ಬಾಕ್ಸೂ ಇಲ್ಲ. ಇದೆಲ್ಲ ಆಗದ ಮಾತು ಅಂತ ನಕ್ಕ ಗೆಳೆಯರು ಮೂವರಿದ್ದಾರೆ. ಅವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಸೋತಿದ್ದು ಮೂರು ವರ್ಷದ ಹಿಂದೆ. ಅಕ್ಕನ ಮಗಳಿಗೆ ಈ ಕಾಯಿಲೆ. ಸಾವಿರದಿನ್ನೂರು ಪದ ಬರೆದುಕೊಟ್ಟೆ, ಅಚ್ಚಾಗಿದ್ದು ಐನೂರು. ತಲೆಬರಹ ‘ಸದಾ ಸುಸ್ತೇ? ಸೋಮಾರಿತನ ಬಿಡಿ’. ಕೆಳಗೆ ದಿನಾ ಸ್ವಲ್ಪ ಸ್ವಲ್ಪ ನಡಿಗೆ ಹೆಚ್ಚಿಸಿ ಅನ್ನೋ ಸಲಹೆ. ಈ ಕಾಯಿಲೆಯವರು ಮೈ ದಣಿಸಿದರೆ ಏಟು ಬೀಳೋದು ಮರುದಿನ, ಇಲ್ಲಾ ಅದರ ಮರುದಿನ. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರಲ್ಲೇ ಬೇಡ ಅಂದಿತ್ತು. ಅದೇ ಸಲಹೆ ನನ್ನ ಹೆಸರಲ್ಲಿ! ಭಾವ ಪೇಪರ್ ಹಿಡಿದು ಅವಳ ಕೋಣೆಗೆ ಹೋಗಿ, “ನಿಮ್ಮ ಮಾವನೇ ಬರೆದಿದಾನೆ ನೋಡು, ಏಳಮ್ಮ, ವಾಕಿಂಗ್ ಹೋಗೋಣ” ಅಂದರಂತೆ. ಹೋದಳು. ಆಮೇಲೆ ನಾಲ್ಕು ದಿನ ಏಳಲಿಲ್ಲ. ನನಗೆ ಬಂದಿದ್ದು ಎಂಟುನೂರೋ ಒಂಬೈನೂರೋ ರೂಪಾಯಿ.

ಎರಡನೇ ಸಲ ಇತಿಹಾಸ ತುರುಕಿದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಗೇ ಇಂಥ ಕಾಯಿಲೆ ಹರಡಿ ಆಸ್ಪತ್ರೆ ಮುಚ್ಚಿದ್ದು. 1970ರಲ್ಲಿ ಇಬ್ಬರು ಮನೋವೈದ್ಯರು ರೋಗಿಗಳನ್ನು ಮಾತಾಡಿಸದೆ, ಬರೀ ಹಳೇ ಕಡತ ನೋಡಿ, ಅದು ಸಾಮೂಹಿಕ ಹಿಸ್ಟೀರಿಯಾ ಅಂದಿದ್ದು. ಹೆಂಗಸರಿಗೇ ಜಾಸ್ತಿ ಬಂದಿತ್ತು ಅನ್ನೋದೂ ಅವರ ಒಂದು ಕಾರಣ. 80ರ ದಶಕದಲ್ಲಿ ಪತ್ರಿಕೆಗಳು ‘ಯಪ್ಪಿ ಫ್ಲೂ’ ಅಂತ ಹಂಗಿಸಿದ್ದು, ದುಡ್ಡಿರುವ ಯುವಕರ ಜ್ವರ ಅನ್ನೋ ಹಾಗೆ. “ಚೆನ್ನಾಗಿದೆ ಸಾರ್, ಆದ್ರೆ ಲಂಡನ್ ಕಥೆ ನಮಗ್ಯಾಕೆ?” ಅಂದರು ಪುರವಣಿಯವರು. ವಾಪಸ್ ಬಂತು.

ಮಧ್ಯೆ ಒಂದು ತಮಾಷೆ ಮಾಡಿದೆ. ಅಕ್ಕನ ಮಗಳ ಕಥೆಯನ್ನೇ ಟೀ ಅಂಗಡಿಯ ಹತ್ತು ಹನ್ನೆರಡು ಜನಕ್ಕೆ ಎರಡು ಹೆಸರಲ್ಲಿ ಹೇಳಿದೆ. ‘ದೀರ್ಘಕಾಲದ ಆಯಾಸ’ ಅಂದಾಗ ಬಿ12 ಟೆಸ್ಟ್ ಮಾಡಿಸಿ, ಮದುವೆ ಮಾಡಿ ಅಂದರು. ‘ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್’ ಅಂದಾಗ, “ಅಯ್ಯೋ ಪಾಪ, ನಿಮ್ಹಾನ್ಸ್‌ಗೆ ತೋರಿಸಿದ್ರಾ?” ಅಂದರು. ಹೆಸರು ಬದಲಾದರೆ ಮುಖವೂ ಬದಲಾಗುತ್ತೆ. ಆದರೆ ಆ ಉದ್ದದ ಹೆಸರು ಒಂದು ಕಾಲಮ್ಮಿನಲ್ಲಿ ಕೂರಲ್ಲ, ಏನು ಮಾಡೋದು!

ಆಮೇಲೆ ಹೊಳೆಯಿತು. ಪತ್ರಿಕೆಯಲ್ಲಿ ಪುಟ ಕಟ್ಟುವ ಡೆಸ್ಕಿನವರಿಗೆ ರೋಗಿಗಳ ಮೇಲೆ ದ್ವೇಷವೇನೂ ಇಲ್ಲ. ಸಂಜೆ ಆರಕ್ಕೆ ಪುಟದಲ್ಲಿ ಜಾಗ ಖಾಲಿ ಇರುತ್ತೆ, ಕೈಗೆ ಸಿಕ್ಕಿದ್ದು ತುಂಬುತ್ತಾರೆ. ಹಾಗಾಗಿ ಈ ಸಲ ಖಾಲಿ ಜಾಗವನ್ನೇ ಬಿಡಲಿಲ್ಲ. ನಾಲ್ಕೈದು ಪದದ ಮೂರು ತಲೆಬರಹ ನಾನೇ ಕೊಟ್ಟೆ. ಬಾಕ್ಸ್ ಕೂಡ ನಾನೇ ಬರೆದೆ: ‘ನೋಡಲು ಹೋದವರು ಏನು ಹೇಳಬಾರದು’. ಮೊದಲ ಇನ್ನೂರು ಪದದಲ್ಲಿ ಸುಸ್ತು, ಆಯಾಸ, ದಣಿವು ಯಾವುದೂ ಇಲ್ಲ. ಅವಳ ತಲೆಸ್ನಾನದ ಲೆಕ್ಕದಿಂದಲೇ ಶುರು. ತಿಂಗಳಿಗೆ ಎರಡೇ ಸಲ ತಲೆಗೆ ನೀರು. ನಿಂತು ಮಾಡೋಕಾಗಲ್ಲ. ಸ್ನಾನ ಆದಮೇಲೆ ಕೂದಲು ಒರೆಸೋದು ಅಕ್ಕ. ಆಮೇಲೆ ಎರಡು ದಿನ ಕತ್ತಲೆ ಕೋಣೆ, ಮಂಚ.

ಫೋಟೋ? ಬಚ್ಚಲಲ್ಲಿರೋ ನೀಲಿ ಪ್ಲಾಸ್ಟಿಕ್ ಸ್ಟೂಲು. ಒಂದು ಕಾಲಿಗೆ ಸುತ್ತಿದ ರಬ್ಬರು, ಪಕ್ಕದಲ್ಲಿ ಬಕೆಟ್ಟು, ಮಗ್ಗು. ಅವಳಿಗೆ ಬೆಳಕು ಆಗಲ್ಲ, ಮುಖ ತೋರಿಸೋ ಇಷ್ಟವೂ ಇಲ್ಲ. “ಸ್ಟೂಲ್ ತಗೋ ಮಾವ, ಅದೇ ನಾನು” ಅಂದಳು. ನನ್ನ ಫೋನಿನಲ್ಲಿ ಮೂರು ಸಲ ತೆಗೆದು ಕೆಡಿಸಿದೆ. ಕೊನೆಗೆ ಪರಿಚಯದ ಹುಡುಗನಿಗೆ ಸಾವಿರದೈನೂರು ಕೊಟ್ಟು ತೆಗೆಸಿದೆ. ಲೇಖನಕ್ಕೆ ಬರೋದು ಸುಮಾರು ಸಾವಿರದಿನ್ನೂರು. ಲಾಸು, ಗೊತ್ತು.

“ಆರೋಗ್ಯ ಪುಟಕ್ಕೆ ಬಚ್ಚಲ ಫೋಟೋನಾ?” ಅಂತ ಡೆಸ್ಕಿನಿಂದ ಫೋನ್ ಬಂತು. ನಾನು ಎರಡು ಸಾಲಿನ ಮೆಸೇಜ್ ಕಳಿಸಿದೆ, ಹತ್ತು ನಿಮಿಷಕ್ಕೆ ಒಪ್ಪಿದರು. ಅದರಲ್ಲಿ ಏನಿತ್ತು ಅಂತ ಮಾತ್ರ ಕೇಳಬೇಡಿ, ಇನ್ನೂ ಎರಡು ಪುರವಣಿಗೆ ಅದೇ ಬೇಕು.

ಭಾವ ಈ ಸಲವೂ ಪೇಪರ್ ಹಿಡಿದು ಕೋಣೆಗೆ ಹೋದರಂತೆ. ಓದಿ ಹೇಳಲಿಲ್ಲ, ಪರದೆ ಎಳೆದು ಬಂದರಂತೆ. ಆನ್‌ಲೈನ್ ಆವೃತ್ತಿಯಲ್ಲಿ ಮಾತ್ರ ಆ ಆಕಳಿಸುವ ಹುಡುಗಿಯೇ ಕೂತಿದ್ದಾಳೆ. ಅಲ್ಲಿ ಫೋಟೋ ಹಾಕೋರು ಯಾರು ಅಂತ ಹುಡುಕುತ್ತಿದ್ದೇನೆ.